ಮನೆಯಲ್ಲಿ ಏನಿದೆ ಎಂದು ಮೊದಲು ಕೇಳಿದರು

ಕಳೆದ ತಿಂಗಳು ಒಂದು ಜುಮಾದ ಖುತ್ಬಾದಲ್ಲಿ ನಮ್ಮ ಖತೀಬರು ಅಬೂ ಮಹ್‌ಝೂರ(ರ)ರ ವೃತ್ತಾಂತವನ್ನು ವಿವರಿಸಿದರು. ಹಿಜರಿ 8ರಲ್ಲಿ ಪ್ರವಾದಿ(ಸ)ರು ಹುನೈನ್‌ನಿಂದ ಮರಳುತ್ತಿದ್ದ ಸಮಯ. ದಾರಿಯಲ್ಲಿ ನಮಾಝ್‌ನ ವೇಳೆಯಾಯಿತು, ಅಝಾನ್ ಮೊಳಗಿತು. ಅಲ್ಲೇ ಹತ್ತಿರದಲ್ಲಿದ್ದ ಮಕ್ಕಾದ ಕೆಲವು ಪಡ್ಡೆ ಹುಡುಗರು ಆ ಅಝಾನನ್ನು ಗಟ್ಟಿಯಾಗಿ ಅಣಕಿಸತೊಡಗಿದರು. ಪ್ರವಾದಿ(ಸ)ರು ಅವರನ್ನು ಕರೆಸಿ, ಅಷ್ಟು ಎತ್ತರದ ಸ್ವರ ನಿಮ್ಮಲ್ಲಿ ಯಾರದು ಎಂದು ವಿಚಾರಿಸಿದರು. ಎಲ್ಲರ ಬೆರಳೂ ಒಬ್ಬನ ಕಡೆ ತಿರುಗಿತು. ಉಳಿದವರನ್ನು ಕಳುಹಿಸಿ ಅವನೊಬ್ಬನನ್ನು ಉಳಿಸಿಕೊಂಡರು. ಶಿಕ್ಷೆಗೆ ಸಿದ್ಧನಾಗಿ ನಿಂತಿದ್ದ ಆ ಹುಡುಗನಿಗೆ ಅಝಾನಿನ ಒಂದೊಂದು ವಾಕ್ಯವನ್ನೂ ತಾವೇ ಹೇಳಿಕೊಟ್ಟು ಅವನಿಂದ ಹೇಳಿಸಿದರು. ಮುಗಿದ ಮೇಲೆ ಬೆಳ್ಳಿಯಿದ್ದ ಒಂದು ಚೀಲವನ್ನು ಅವನ ಕೈಗಿಟ್ಟರು, ಅವನ ತಲೆ, ಮುಖ, ಎದೆಯ ಮೇಲೆ ಕೈಯಾಡಿಸಿ ಬರಕತ್‌ಗಾಗಿ ಪ್ರಾರ್ಥಿಸಿದರು. ಮಕ್ಕಾದಲ್ಲಿ ಅಝಾನ್ ಕೊಡುವ ಕೆಲಸವನ್ನು ನನಗೇ ಕೊಡಿ ಎಂದು ಹುಡುಗ ಕೇಳಿದ, ಕೊಟ್ಟರು. ಅವನ ನಂತರ ಅವನ ಸಂತತಿಯವರು ತಲೆಮಾರುಗಳ ಕಾಲ ಆ ಕೆಲಸ ಮಾಡಿದರು.

ನಮಾಝ್ ಮುಗಿಸಿ ಚಪ್ಪಲಿ ಹಾಕಿಕೊಳ್ಳುವಾಗ ಹಿರಿಯರೊಬ್ಬರು ಖತೀಬರನ್ನು ಕೇಳಿದರು: "ಹಜ್ರತ್, ನಮ್ಮ ಹುಡುಗ್ರು ಹಂಗೆ ಅಣಕಿಸಿದ್ದಿದ್ರೆ ನಾವೇನು ಮಾಡ್ತಿದ್ವಿ ಹೇಳಿ?" ಪಕ್ಕದಲ್ಲಿದ್ದವರು ನಕ್ಕರು. ಏನು ಮಾಡುತ್ತಿದ್ದೆವು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆ ನಗು ನನ್ನನ್ನು ಬಹಳ ದಿನ ಕಾಡಿತು. ಈ ಲೇಖನ ಬರೆಯಲು ಅದೇ ಕಾರಣ.

ಸಂಕಷ್ಟದಲ್ಲಿರುವ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರಲ್ಲಿ 'ಸಾಮರ್ಥ್ಯ ಆಧಾರಿತ' ವಿಧಾನ ಎಂಬುದೊಂದು ಬಳಕೆಯಲ್ಲಿದೆ. ಸರಳವಾಗಿ ಹೇಳುವುದಾದರೆ, ಹುಡುಗನ ಕೊರತೆಗಳ ಪಟ್ಟಿಯಿಂದ ಮಾತು ಆರಂಭಿಸದೆ, ಅವನಲ್ಲಿ ಮತ್ತು ಅವನ ಸುತ್ತ ಈಗಾಗಲೇ ಏನಿದೆ ಎಂಬುದರಿಂದ ಆರಂಭಿಸುವುದು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಸಮಾಜ ಕಾರ್ಯ ವಿಭಾಗದಲ್ಲಿ 1980ರ ದಶಕದಲ್ಲಿ ಇದಕ್ಕೊಂದು ಸ್ಪಷ್ಟ ರೂಪ ಬಂತು. ಮಾನಸಿಕ ಕಾಯಿಲೆಯಿಂದ ಬಳಲಿ ಆಸ್ಪತ್ರೆಯಿಂದ ಹೊರಬಂದವರಿಗಾಗಿ ಅದನ್ನು ಮೊದಲು ಪ್ರಯೋಗಿಸಲಾಯಿತು. ಆಮೇಲೆ ಮಕ್ಕಳು, ಯುವಜನರು, ಬಡ ಕುಟುಂಬಗಳ ಕೆಲಸಕ್ಕೂ ಹಬ್ಬಿತು. ಅಲ್ಲಿನ ಪ್ರಾಧ್ಯಾಪಕ ಡೆನಿಸ್ ಸಲೀಬಿ ಈ ಬಗ್ಗೆ ಸಂಪಾದಿಸಿದ ಪುಸ್ತಕ 1992ರಲ್ಲಿ ಬಂತು.

ಅವರ ವಿಧಾನದಲ್ಲಿ ಒಂದು ನಮೂನೆ ಇರುತ್ತದೆ. ಮನೆ, ಹಣಕಾಸು, ಓದು ಅಥವಾ ಕೆಲಸ, ಜೊತೆಗಿರುವ ಜನ, ಆರೋಗ್ಯ, ಬಿಡುವಿನ ವೇಳೆ – ಹೀಗೆ ಬದುಕಿನ ಒಂದೊಂದು ಭಾಗಕ್ಕೂ ಮೂರು ಮೂರು ಪ್ರಶ್ನೆ: ಈಗ ಏನಿದೆ? ನಿನಗೇನು ಬೇಕು? ಹಿಂದೆ ಯಾವುದು ಕೈಹಿಡಿದಿತ್ತು? ಉತ್ತರಗಳನ್ನು ಅವನದೇ ಮಾತಿನಲ್ಲಿ ಬರೆದುಕೊಳ್ಳುತ್ತಾರೆ. ಒಂದೇ ಸಲ ಕೂತು ತುಂಬಿಸುವ ಅರ್ಜಿ ಅದಲ್ಲ. ಚಹಾ ಕುಡಿಯುತ್ತಾ, ದಾರಿ ನಡೆಯುತ್ತಾ, ವಾರಗಟ್ಟಲೆ ತುಂಬಿಸಬೇಕು. ಗುರಿಯನ್ನು ಅವನೇ ಹೇಳಬೇಕು. ಗುರಿಗೆ ಬೇಕಾದ ನೆರವನ್ನು ಮೊದಲು ಅವನ ಓಣಿ, ನೆಂಟರು, ಮಸೀದಿ, ಶಾಲೆಯಲ್ಲಿ ಹುಡುಕಬೇಕು, ಆಮೇಲೆ ಸರಕಾರಿ ಕಚೇರಿಗಳಲ್ಲಿ.

ಇದನ್ನು ಓದುವಾಗ ಅನಸ್(ರ)ರು ವರದಿ ಮಾಡಿರುವ ಆ ಅನ್ಸಾರಿ ವ್ಯಕ್ತಿಯ ಪ್ರಸಂಗ ನೆನಪಾಗದಿರಲು ಸಾಧ್ಯವಿಲ್ಲ. ಯಾಚಿಸಲು ಬಂದವನನ್ನು ಪ್ರವಾದಿ(ಸ)ರು, ಮನೆಯಲ್ಲಿ ಏನೂ ಇಲ್ಲವೇ ಎಂದು ವಿಚಾರಿಸಿದರು. ಒಂದು ಕಂಬಳಿ ಇದೆ, ಅರ್ಧ ಹೊದೆಯುತ್ತೇವೆ, ಅರ್ಧ ಹಾಸುತ್ತೇವೆ. ನೀರು ಕುಡಿಯುವ ಒಂದು ಬಟ್ಟಲೂ ಇದೆ ಎಂದ. ತರಿಸಿ, ಸಭೆಯಲ್ಲೇ ಹರಾಜು ಹಾಕಿ ಎರಡು ದಿರ್ಹಮ್‌ಗೆ ಮಾರಿದರು. ಒಂದು ದಿರ್ಹಮ್‌ನಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿಯ ಅಲಗು. ಹಿಡಿಯನ್ನು ಪ್ರವಾದಿ(ಸ)ರು ತಮ್ಮ ಕೈಯಿಂದಲೇ ಹಾಕಿಕೊಟ್ಟು, ಸೌದೆ ಕಡಿದು ಮಾರು, ಹದಿನೈದು ದಿನ ಈ ಕಡೆ ಬರಬೇಡ ಎಂದು ಕಳುಹಿಸಿದರು. ಅವನು ಮರಳಿ ಬಂದಾಗ ಕೈಯಲ್ಲಿ ಹತ್ತು ದಿರ್ಹಮ್ ಇತ್ತು.

ಈ ಹದೀಸನ್ನು ನಾವು ಸಾಮಾನ್ಯವಾಗಿ ಭಿಕ್ಷಾಟನೆಯ ವಿರುದ್ಧ ಹೇಳುತ್ತೇವೆ. ಅದು ಸರಿಯೇ. ಆದರೆ ಕಂಬಳಿ, ಬಟ್ಟಲು ಎರಡನ್ನೂ ಅವನೇ ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬುದನ್ನು ಗಮನಿಸಿ. ಕೇಳಿದ್ದರಿಂದ ಅದು ಲೆಕ್ಕಕ್ಕೆ ಬಂತು. ಕೊಡಲಿಗೆ ಹಿಡಿ ಹಾಕಿಕೊಟ್ಟದ್ದನ್ನೂ ಗಮನಿಸಿ. 'ದುಡಿದು ತಿನ್ನು ಹೋಗು' ಎಂಬ ಬುದ್ಧಿಮಾತು ಮಾತ್ರ ಹೇಳಿದ್ದರೆ ಈ ಪ್ರಸಂಗ ಇಷ್ಟು ಉದ್ದ ಇರುತ್ತಿರಲಿಲ್ಲ.

ನಮ್ಮ ಕಡೆಯ ವಿಷಯಕ್ಕೆ ಬರುತ್ತೇನೆ. ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಶೆಟ್ಟಿಹಳ್ಳಿ ನಿಮಗೆಲ್ಲ ಗೊತ್ತು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ಹಿನ್ನೀರು ನಿಂತ ಮೇಲೆ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದ ಚರ್ಚು ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಮೇಲೇಳುತ್ತದೆ. ನೋಡಲು ಬೆಂಗಳೂರಿನಿಂದಲೂ ಜನ ಬರುತ್ತಾರೆ. ಭಾನುವಾರದ ದಿನ ಅಲ್ಲಿ ಚುರುಮುರಿ, ಸೌತೆಕಾಯಿ ಮಾರುವ ಒಬ್ಬ ಹುಡುಗ ನನಗೆ ಪರಿಚಯವಾದ. ಹದಿನಾರು ದಾಟಿದೆ. ತಂದೆ ಇಲ್ಲ. ಎಸ್ಸೆಸ್ಸೆಲ್ಸಿ ಆಗಿಲ್ಲ. ಅವನ ಬಗ್ಗೆ ವಿಚಾರಿಸಿದಾಗ ಅವನ ಮೊಹಲ್ಲಾದವರು ಹೇಳಿದ್ದಿಷ್ಟು: ಶಾಲೆ ಬಿಟ್ಟವನು, ಮೊಬೈಲ್ ಹುಚ್ಚು, ಫಜ್ರ್‌ಗೆ ಏಳುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ, ಕೆಟ್ಟವರ ಸಹವಾಸ ಶುರುವಾಗಿದೆ. ಒಂದೂ ಸುಳ್ಳಲ್ಲ.

ನಾನು ಅವನ ತಳ್ಳುಗಾಡಿಯ ಪಕ್ಕ ಒಂದು ಗಂಟೆ ನಿಂತೆ. ಬಂದವರ ಜೊತೆ ಕನ್ನಡ, ದಖ್ಖನಿ, ಅಷ್ಟಿಷ್ಟು ತಮಿಳು. ನಾಲ್ಕು ಚುರುಮುರಿ, ಎರಡು ಸೌತೆಕಾಯಿ, ಐನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟೆಂದು ತಡವರಿಸದೆ ಹೇಳುತ್ತಾನೆ. ಮಕ್ಕಳನ್ನು ಕರೆದುಕೊಂಡು ನೀರಿನ ಅಂಚಿಗೆ ಹೋಗುವವರನ್ನು ಕೂಗಿ ನಿಲ್ಲಿಸುತ್ತಾನೆ: "ಅಲ್ಲಿ ಕೆಸರು ಐತೆ ಅಣ್ಣಾ, ಮೇಲೆ ಒಣಗಿದಂಗೆ ಕಾಣ್ತದೆ ಅಷ್ಟೆ, ಕಾಲು ಹೂತ್ಕೊಳ್ತದೆ." ದಿನದ ದುಡ್ಡನ್ನು ಅಮ್ಮಿಗೆ ಕೊಡುತ್ತಾನೆ, ತಂಗಿಯ ನೋಟ್‌ಬುಕ್ಕಿಗೆ ಬೇರೆಯಾಗಿ ಎತ್ತಿಡುತ್ತಾನೆ. ಎಸ್ಸೆಸ್ಸೆಲ್ಸಿಯಲ್ಲಿ ಅವನು ನಪಾಸಾದದ್ದು ಒಂದೇ ವಿಷಯದಲ್ಲಿ, ಗಣಿತದಲ್ಲಿ! ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ಎರಡು ಪಟ್ಟಿಗಳೂ ಒಬ್ಬನೇ ಹುಡುಗನವು. ಜಮಾಅತ್ ಕಮಿಟಿಗಳಲ್ಲಿ ನಮ್ಮ ಕೈಗೆ ಸಿಗುವುದು ಯಾವಾಗಲೂ ಮೊದಲನೆಯದು. ನಾನೂ ಅಂಥ ಒಂದು ಕಮಿಟಿಯಲ್ಲಿದ್ದವನೇ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಪಂಪ್‌ಸೆಟ್ಟಿನ ತಾಮ್ರದ ವೈರು ಕದ್ದು ಗುಜರಿಗೆ ಹಾಕಿ ಸಿಕ್ಕಿಬಿದ್ದ. ಜುಮಾ ಆದ ಮೇಲೆ ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸಿದೆವು. ಊರಿಗೆ ಪಾಠವಾಗಲಿ ಎಂದು ಸಲಹೆ ಕೊಟ್ಟವರಲ್ಲಿ ನಾನೊಬ್ಬ. ಕೆಟ್ಟ ಮೋಟಾರನ್ನು ಬಿಚ್ಚಿ ವೈಂಡಿಂಗ್ ಬಿಡಿಸಲು ಆ ವಯಸ್ಸಿಗೆ ಕಲಿತಿದ್ದನಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಎಂಟು ದಿನಕ್ಕೆ ಅವನು ಊರು ಬಿಟ್ಟ. ಎಲ್ಲಿದ್ದಾನೆ ಎಂದು ಅವನ ತಾಯಿಗೂ ಸರಿಯಾಗಿ ಗೊತ್ತಿಲ್ಲ. ಆಕೆ ಈಗಲೂ ದಾರಿಯಲ್ಲಿ ಸಿಕ್ಕರೆ ಸಲಾಂ ಹೇಳುತ್ತಾರೆ. ನನಗೆ ತಲೆ ಎತ್ತಿ ಉತ್ತರಿಸಲು ಆಗುವುದಿಲ್ಲ.

ಇಂಥ ಹುಡುಗರು ದೊಡ್ಡವರಾದ ಮೇಲೆ ಏನಾಗುತ್ತಾರೆ ಎಂಬುದನ್ನು ದೀರ್ಘಕಾಲ ಹಿಂಬಾಲಿಸಿ ನೋಡಿದ ಒಂದು ಅಧ್ಯಯನ ನಡೆದದ್ದು ಹವಾಯಿಯ ಕವಾಯಿ ದ್ವೀಪದಲ್ಲಿ. 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ 698 ಶಿಶುಗಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞೆಯರ ತಂಡ ನಲವತ್ತರ ವಯಸ್ಸಿನವರೆಗೂ ಗಮನಿಸಿತು. ಅವರಲ್ಲಿ 201 ಮಕ್ಕಳು ಬಡತನ, ಹೆರಿಗೆಯ ತೊಡಕು, ಮನೆಜಗಳ, ತಂದೆತಾಯಿಯ ಕುಡಿತ ಅಥವಾ ಮಾನಸಿಕ ಕಾಯಿಲೆ ಹೀಗೆ ಎರಡು ವರ್ಷ ತುಂಬುವುದರೊಳಗೆ ನಾಲ್ಕು ಅಥವಾ ಹೆಚ್ಚು ಅಪಾಯಗಳಿಗೆ ಒಳಗಾದವರು. ಇವರೆಲ್ಲ ಕೆಡುತ್ತಾರೆ ಎಂದೇ ಲೆಕ್ಕ. ಆದರೆ 72 ಮಂದಿ, ಅಂದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು, ಒಳ್ಳೆಯ, ಆತ್ಮವಿಶ್ವಾಸದ, ಇತರರ ಕಾಳಜಿ ಮಾಡುವ ವಯಸ್ಕರಾದರು. ಹದಿಹರೆಯದಲ್ಲಿ ಎಡವಿದ ಉಳಿದವರಲ್ಲೂ ಬಹಳಷ್ಟು ಮಂದಿ ಮೂವತ್ತು ನಲವತ್ತಕ್ಕೆ ಬರುವಷ್ಟರಲ್ಲಿ ಸುಧಾರಿಸಿಕೊಂಡಿದ್ದರು.

ಕಾರಣವೇನು ಎಂದು ಕೆದಕಿದಾಗ ಸಿಕ್ಕಿದ್ದು ದೊಡ್ಡ ಯೋಜನೆಗಳಲ್ಲ. ತಂದೆತಾಯಿಯ ಹೊರತಾಗಿ ಆ ಮಗುವನ್ನು ನೆಚ್ಚಿಕೊಂಡ ಒಬ್ಬ ದೊಡ್ಡ ಮನುಷ್ಯರು: ಅಜ್ಜಿ, ಚಿಕ್ಕಪ್ಪ, ಮೇಷ್ಟ್ರು, ನೆರೆಯವರು, ಪ್ರಾರ್ಥನಾ ಮಂದಿರದ ಹಿರಿಯರು. ಜೊತೆಗೆ ಮನೆಯಲ್ಲಿ ನಿಜವಾಗಿ ಅಗತ್ಯವಿದ್ದ ಒಂದು ಜವಾಬ್ದಾರಿ, ತಮ್ಮ ತಂಗಿಯರನ್ನು ನೋಡಿಕೊಳ್ಳುವಂಥದ್ದು. ನೀನು ಇಲ್ಲದಿದ್ದರೆ ಈ ಕೆಲಸ ನಿಲ್ಲುತ್ತದೆ ಎಂಬ ಅನುಭವ. ಮಸೀದಿ ಇರುವ ಪ್ರತಿಯೊಂದು ಓಣಿಯಲ್ಲೂ ಈ ಎರಡನ್ನು ಒದಗಿಸಬಹುದು. ಅದಕ್ಕೆ ಚಂದಾ ಎತ್ತಬೇಕಾಗಿಲ್ಲ.

ನಮ್ಮದೇ ರಾಜ್ಯದಲ್ಲಿ ಇದಕ್ಕೊಂದು ದೊಡ್ಡ ಉದಾಹರಣೆ ಬೀದರ್‌ನಲ್ಲಿದೆ. ಇಂಜಿನಿಯರ್ ಆಗಿದ್ದ ಅಬ್ದುಲ್ ಖದೀರ್ ಅವರು 1989ರಲ್ಲಿ 18 ಮಕ್ಕಳೊಂದಿಗೆ ಆರಂಭಿಸಿದ ಶಾಹೀನ್ ಶಿಕ್ಷಣ ಸಂಸ್ಥೆ ಇಂದು ಹಲವು ರಾಜ್ಯಗಳಲ್ಲಿದೆ. ನೀಟ್ ಫಲಿತಾಂಶದ ಜಾಹೀರಾತಿನಲ್ಲಿ ಅದರ ಹೆಸರನ್ನು ನೀವು ನೋಡಿರುತ್ತೀರಿ. ನಾನು ಹೇಳಹೊರಟಿರುವುದು ಅದರ 'ಹಿಫ್‌ಝುಲ್ ಕುರ್‌ಆನ್ ಪ್ಲಸ್' ಎಂಬ ವಿಭಾಗದ ಬಗ್ಗೆ. ಹಿಫ್‌ಝ್ ಮುಗಿಸಿದ, ಆದರೆ ಶಾಲೆಯ ಮುಖವನ್ನೇ ಕಾಣದ ಹುಡುಗರನ್ನು ಅಲ್ಲಿ ಸೇರಿಸಿಕೊಳ್ಳುತ್ತಾರೆ. ಹೊರಗಿನವರ ಕಣ್ಣಿಗೆ ಅವರು ಗಣಿತ ಬಾರದ, ಇಂಗ್ಲಿಷ್ ಬಾರದ ಹದಿನಾಲ್ಕು ಹದಿನೈದರ ಹುಡುಗರು. ಅಲ್ಲಿನವರ ಕಣ್ಣಿಗೆ, ಆರು ನೂರಕ್ಕೂ ಹೆಚ್ಚು ಪುಟಗಳ ಗ್ರಂಥವನ್ನು ಒಂದು ಅಕ್ಷರ ತಪ್ಪದಂತೆ ಎದೆಯಲ್ಲಿಟ್ಟುಕೊಂಡವರು, ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ಕೂತು ಅಭ್ಯಾಸ ಮಾಡಿದವರು. ಆ ನೆನಪಿನ ಶಕ್ತಿ, ಆ ಶಿಸ್ತು ಎರಡನ್ನೂ ಬುನಾದಿ ಮಾಡಿಕೊಂಡು, ಅವರ ವಯಸ್ಸಿನ ಮಕ್ಕಳ ಮಟ್ಟಕ್ಕೆ ಬರುವವರೆಗೆ ಮೂಲಪಾಠಗಳನ್ನು ಬೇರೆಯಾಗಿ ಕಲಿಸಿ, ನಂತರ ಸಾಮಾನ್ಯ ತರಗತಿಗೆ ಸೇರಿಸುತ್ತಾರೆ. ಹೀಗೆ ಬಂದ ಹಾಫಿಝ್‌ಗಳಲ್ಲಿ ವೈದ್ಯಕೀಯ ಸೀಟು ಪಡೆದವರಿದ್ದಾರೆ. ಓದಿನಲ್ಲಿ ತೀರಾ ಹಿಂದುಳಿದವರಿಗಾಗಿ ಅಲ್ಲಿ ಪ್ರತ್ಯೇಕ ಘಟಕವಿದೆ, ಅದನ್ನು ಆಸ್ಪತ್ರೆಯ ಐಸಿಯು ಹೋಲಿಕೆಯಲ್ಲಿ ಕರೆಯುತ್ತಾರೆ. ಹೆಸರು ನನಗೆ ಅಷ್ಟು ಹಿಡಿಸಿಲ್ಲ, ರೋಗಿಯ ಹಣೆಪಟ್ಟಿ ಹಚ್ಚಿದಂತೆ ಕೇಳುತ್ತದೆ. ಕೆಲಸ ಹಿಡಿಸಿದೆ. ಎಲ್ಲ ಮಕ್ಕಳೂ ಡಾಕ್ಟರೇ ಆಗಬೇಕೆಂಬ ಹಂಬಲಕ್ಕೂ ನನ್ನ ಸಮ್ಮತಿ ಇಲ್ಲ. ಒಳ್ಳೆಯ ಎಲೆಕ್ಟ್ರಿಶಿಯನ್ ಸಿಗದೆ ಪರದಾಡುವ ಊರು ನಮ್ಮದು.

ಹಿಫ್‌ಝ್‌ನಿಂದ ಪಾಠಕ್ಕೆ ಸೇತುವೆ ಕಟ್ಟುವುದು ಹೊಸದೇನಲ್ಲ. ಬದ್ರ್‌ಗೆ ಹೊರಡಲು ಬಂದ ಝೈದ್ ಬಿನ್ ಸಾಬಿತ್(ರ)ರನ್ನು ವಯಸ್ಸು ಸಾಲದೆಂದು ವಾಪಸು ಕಳುಹಿಸಲಾಗಿತ್ತು. ಆದರೆ ಈ ಹುಡುಗನಿಗೆ ಇಷ್ಟು ಸೂರಾಗಳು ಕಂಠಪಾಠವಾಗಿವೆ ಎಂದು ಅವರ ಮನೆಯವರು ತಿಳಿಸಿದಾಗ ಪ್ರವಾದಿ(ಸ)ರು ಓದಿಸಿ ಕೇಳಿ ಮೆಚ್ಚಿದರು. ಯಹೂದಿಗಳ ಲಿಪಿಯನ್ನು ಕಲಿಯುವ ಹೊಣೆಯನ್ನು ಅವರಿಗೇ ವಹಿಸಿದರು, ಅರ್ಧ ತಿಂಗಳಲ್ಲಿ ಕಲಿತರು. ಯುದ್ಧಕ್ಕೆ ಚಿಕ್ಕವನಾದ ಹುಡುಗ ಪತ್ರ ವ್ಯವಹಾರಕ್ಕೆ ದೊಡ್ಡವನಾದ. ಅಬೂಬಕ್ಕರ್(ರ)ರ ಕಾಲದಲ್ಲಿ ಕುರ್‌ಆನ್‌ನ ಸಂಗ್ರಹ ಕಾರ್ಯ ಬಂದದ್ದು ಅವರ ಕೈಗೇ.

ಇನ್ನು ಕಾನೂನು. 2015ರ ಬಾಲನ್ಯಾಯ ಕಾಯ್ದೆಯ 3ನೇ ಕಲಂ ಓದಿದರೆ ಆಶ್ಚರ್ಯವಾಗುತ್ತದೆ. ಮಗುವಿನ ಒಳಿತಿಗೆ ಕುಟುಂಬ ಮತ್ತು ಸಮುದಾಯದಲ್ಲಿರುವ ಎಲ್ಲ ಸಂಪನ್ಮೂಲಗಳನ್ನು ಒಗ್ಗೂಡಿಸಬೇಕು, ಮಗುವಿನ ಬಗ್ಗೆ ಕಳಂಕ ಹಚ್ಚುವ ಆರೋಪದ ಪದಗಳನ್ನು ಬಳಸಬಾರದು, ಹೊಸ ಬದುಕು ಆರಂಭಿಸಲು ಅವಕಾಶ ಕೊಡಬೇಕು ಎಂಬುವೆಲ್ಲ ಅಲ್ಲಿ ತತ್ತ್ವಗಳಾಗಿ ಬರೆಯಲ್ಪಟ್ಟಿವೆ. ಹದಿನೆಂಟರೊಳಗಿನ ಹುಡುಗ ತಪ್ಪು ಮಾಡಿದರೂ ಅವನನ್ನು 'ಕಾನೂನಿನೊಂದಿಗೆ ಸಂಘರ್ಷದಲ್ಲಿರುವ ಮಗು' ಎನ್ನಬೇಕು. ಮಸೀದಿಯ ಅಂಗಳದಲ್ಲಿ ನಾವು ಅವನನ್ನು ಕರೆದ ಹೆಸರು ಬೇರೆ. ಕಾಯ್ದೆಯಡಿ ಪಾಲನೆಗೆ ಬಂದ ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಬರೆಯಬೇಕು. ಅದರ ಪಟ್ಟಿಯಲ್ಲಿ ಆರೋಗ್ಯ, ಶಿಕ್ಷಣಕ್ಕಿಂತ ಮೊದಲು ಬರುವುದು ಆ ಮಗುವಿನ ನಿರೀಕ್ಷೆ ಏನು ಎಂಬ ಸಾಲು. ತಂದೆಯನ್ನು ಕಳೆದುಕೊಂಡ ಮಗು ತಾಯಿಯ ಜೊತೆಗೇ ಇದ್ದು ಓದು ಮುಂದುವರಿಸಲು ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವಕ್ಕೆ ಅವಕಾಶವಿದೆ. ಅರ್ಹತೆಗೆ ಆದಾಯದ ಮಿತಿ ಇತ್ಯಾದಿ ನಿಯಮಗಳಿವೆ, ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಯತೀಂ ಮಕ್ಕಳಿರುವ ಮನೆ ಗೊತ್ತಿರುವವರು ಇದನ್ನು ಅವರಿಗೆ ತಿಳಿಸಿ, ಸಾಧ್ಯವಾದರೆ ಕಚೇರಿಗೆ ಜೊತೆಯಲ್ಲೇ ಹೋಗಿ. ಒಂಟಿ ಹೆಂಗಸಿಗೆ ಕಚೇರಿಯ ಮೆಟ್ಟಿಲು ಎಷ್ಟು ಎತ್ತರ ಎನ್ನುವುದು ಹತ್ತಿದವರಿಗೇ ಗೊತ್ತು.

ಈ ವಿಧಾನವನ್ನು ತಪ್ಪಾಗಿ ತಿಳಿಯುವುದೂ ಸುಲಭ. ಹುಡುಗನ ಕೈ ಚುರುಕಾಗಿದೆ ಎಂದು ಹದಿಮೂರಕ್ಕೇ ಗ್ಯಾರೇಜಿಗೆ ಸೇರಿಸಿ, ಅವನ ಸಾಮರ್ಥ್ಯ ಗುರುತಿಸಿದೆವು ಎಂದು ಹೇಳಿಕೊಳ್ಳುವವರಿದ್ದಾರೆ. ಹದಿನಾಲ್ಕರೊಳಗಿನವರನ್ನು ದುಡಿಮೆಗೆ ಹಚ್ಚುವುದು ಅಪರಾಧ, ಹದಿನೆಂಟರವರೆಗೆ ಅಪಾಯಕಾರಿ ಕೆಲಸವೂ ನಿಷಿದ್ಧ. ಸಾಮರ್ಥ್ಯ ಹುಡುಗನದು, ಲಾಭ ಮಾಲೀಕನದು ಎಂದಾದರೆ ಅದಕ್ಕೆ ಬೇರೆ ಹೆಸರಿದೆ. ಹಾಗೆಯೇ, ಒಳ್ಳೆಯದನ್ನು ಮಾತ್ರ ನೋಡಿ ಎಂದರೆ ಗಾಯವನ್ನು ನೋಡಬೇಡಿ ಎಂದಲ್ಲ. ಗಾಂಜಾ, ಮಾತ್ರೆಗಳ ಚಟಕ್ಕೆ ಬಿದ್ದವನಿಗೆ ಚಿಕಿತ್ಸೆ ಬೇಕು. ಸಾಯುವ ಮಾತಾಡುವ ಹುಡುಗ ಹುಡುಗಿಯನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿನ ಮೇಲೆ ಯಾರಾದರೂ, ಅದು ನೆಂಟರಿರಲಿ ಉಸ್ತಾದರಿರಲಿ, ಕೈಮಾಡಿದ್ದರೆ ಕಮಿಟಿಯಲ್ಲಿ ರಾಜಿ ಮಾಡುವ ವಿಷಯವೇ ಅದಲ್ಲ, 1098ಕ್ಕೆ ತಿಳಿಸಬೇಕು. ಲೈಂಗಿಕ ದೌರ್ಜನ್ಯವನ್ನು ತಿಳಿದೂ ತಿಳಿಸದಿರುವುದು ಪೋಕ್ಸೋ ಕಾಯ್ದೆಯಲ್ಲಿ ಅಪರಾಧ.

ತಿದ್ದಬೇಕಾದದ್ದನ್ನು ಹೇಳುವುದಕ್ಕೂ ಒಂದು ಕ್ರಮವಿದೆ. ಅಬ್ದುಲ್ಲಾ ಬಿನ್ ಉಮರ್(ರ)ರ ಬಗ್ಗೆ ಪ್ರವಾದಿ(ಸ)ರು, ಅವನು ಎಂಥ ಒಳ್ಳೆಯ ಮನುಷ್ಯ, ರಾತ್ರಿ ನಮಾಝನ್ನೂ ಮಾಡಿದ್ದರೆ ಎಂಬರ್ಥದಲ್ಲಿ ಹೇಳಿದರು. ಆಗ ಅವರಿನ್ನೂ ತರುಣ. ಆ ದಿನದಿಂದ ಅವರು ರಾತ್ರಿ ಮಲಗುವುದು ಸ್ವಲ್ಪವೇ ಆಯಿತು. ಇದನ್ನೇ ನಮ್ಮ ಮನೆಗಳಲ್ಲಿ ತಿರುಗಿಸಿ ಹೇಳುತ್ತೇವೆ. ಫಜ್ರ್‌ಗೆ ಏಳದ ದಂಡಪಿಂಡ ಎಂದು ಶುರುಮಾಡಿದರೆ ಹುಡುಗ ಹೊದಿಕೆಯನ್ನು ಇನ್ನಷ್ಟು ಬಿಗಿ ಎಳೆದುಕೊಳ್ಳುತ್ತಾನೆ.

ಹೆಣ್ಣುಮಕ್ಕಳ ಸಾಮರ್ಥ್ಯ ಇನ್ನೂ ಸುಲಭವಾಗಿ ಕಣ್ತಪ್ಪುತ್ತದೆ, ಏಕೆಂದರೆ ಅದನ್ನು ನಾವು ಕೆಲಸ ಎಂದೇ ಎಣಿಸುವುದಿಲ್ಲ. ಅಮ್ಮಿ ಎಸ್ಟೇಟ್ ಕೆಲಸಕ್ಕೆ ಹೋದಾಗ ಅಡುಗೆ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ, ತಮ್ಮನ ಹೋಂವರ್ಕ್ ಎಲ್ಲವನ್ನೂ ನಿಭಾಯಿಸುವ ಹುಡುಗಿಯನ್ನು ಒಂಬತ್ತನೇ ತರಗತಿಗೆ ಬಿಡಿಸಿ, ಓದಿನಲ್ಲಿ ಹಿಂದೆ ಎನ್ನುತ್ತೇವೆ. ಖಂದಕ್ ಯುದ್ಧದಲ್ಲಿ ಗಾಯಗೊಂಡವರ ಶುಶ್ರೂಷೆಗೆ ರುಫೈದಾ(ರ)ರ ಡೇರೆ ಇದ್ದದ್ದು ಮಸೀದಿಯ ಆವರಣದಲ್ಲೇ ಎಂಬುದನ್ನು ಅವಳ ಅಬ್ಬಾನಿಗೆ ಯಾರಾದರೂ ನೆನಪಿಸಬೇಕು. ಶಾಲೆ ಬಿಟ್ಟವರು ಹದಿನಾಲ್ಕು ತುಂಬಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯದನ್ನು ಕಟ್ಟಬಹುದು. ಮುಂದೆ ವೃತ್ತಿಪರ ಕೋರ್ಸಿಗೆ ಸೀಟು ಸಿಕ್ಕಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವಿದೆ.

ಶೆಟ್ಟಿಹಳ್ಳಿಯ ಹುಡುಗನನ್ನು ಮತ್ತೆ ನೋಡಲು ಎರಡು ವಾರ ಬಿಟ್ಟು ಹೋದೆ. ಮೊದಲ ಸಲ ನಾನು ಕೇಳದೆ ಬಂದಿದ್ದ ಪ್ರಶ್ನೆಯನ್ನು ಈ ಸಲ ಕೇಳಿದೆ: "ನಿಂಗೇನು ಆಗ್ಬೇಕು ಅಂತ ಇದೆ ಬೇಟಾ?" ಅವನು ಉತ್ತರ ಕೊಡಲಿಲ್ಲ. ಗಿರಾಕಿ ಬಂದರು, ಈರುಳ್ಳಿ ಹೆಚ್ಚಿದ, ದುಡ್ಡು ಎಣಿಸಿದ. ನಾನು ಎದ್ದು ಹೊರಡುವಾಗ ಕರೆದ.

"ಚಾಚಾ, ಗಣಿತ ಒಂದೇ ಕಟ್ಟೋಕಾಗ್ತದಾ? ಎಲ್ಲಾ ಪೇಪರ್ ಮತ್ತೆ ಬರೀಬೇಕಾ?"

ಒಂದೇ ಸಾಕು ಎಂದೆ. ನಮ್ಮ ಮೊಹಲ್ಲಾದಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಇಶಾ ಆದ ಮೇಲೆ ವಾರಕ್ಕೆ ಮೂರು ದಿನ ಹೇಳಿಕೊಡಲು ಒಪ್ಪಿದ್ದಾರೆ. ಚುರುಮುರಿಯ ಲೆಕ್ಕದಿಂದಲೇ ಬೀಜಗಣಿತ ಶುರುಮಾಡುತ್ತೇನೆ ಎಂದಿದ್ದಾರೆ. ಹುಡುಗ ಮೊದಲ ದಿನ ಬಂದ, ಎರಡನೇ ದಿನ ಬರಲಿಲ್ಲ. ಮೂರನೇ ದಿನ ತಂಗಿಯನ್ನೂ ಕರೆದುಕೊಂಡು ಬಂದ.